ಎಳ್ಳು ಆಗಲ್ಲ

ಆ ಮಾತು ಅವಳ ಜೊತೆಗೇ ಬಸ್ಸು ಹತ್ತಿತ್ತು. ಅವಳಿಗೆ ಗೊತ್ತಾದದ್ದು ಮೂರನೆಯ ಸ್ಟಾಪು ದಾಟಿದ ಮೇಲೆ. ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿ ಇನ್ನೊಂದಕ್ಕೆ ತಡಕಾಡುತ್ತಿದ್ದಾಗ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು, ಹಿಂದೆಯೇ ಅತ್ತೆಯ ದನಿ: "ಮತ್ತೆ ಬದನೆಕಾಯಾ? ನಂಗೆ ಆಗಲ್ಲ ಕಣೇ." ಅವಳು ತಿರುಗಿಯೂ ನೋಡದೆ, "ಇವತ್ತೊಂದಿನ ತಿನ್ನಿ ಅತ್ತೆ, ಬೇರೆ ಮಾಡೋಕೆ ಟೈಮೆಲ್ಲಿದೆ," ಎಂದಿದ್ದಳು. ಮುಚ್ಚಳ ಮತ್ತೆ ಪಾತ್ರೆಯ ಮೇಲೆ ಕೂತಿತು. ಹದಿನೆಂಟು ವರ್ಷಗಳಿಂದ ತಿಂಗಳಿಗೊಮ್ಮೆಯೋ ಎರಡು ಸಲವೋ ನಡೆಯುತ್ತ ಬಂದ ಮಾತು ಅದು, ಬಾಗಿಲು ಹಾಕಿಕೊಂಡಷ್ಟೇ ಸಹಜ. ಆದರೆ ಬಸ್ಸಿನಲ್ಲಿ ಕಂಬಿ ಹಿಡಿದು, ಯಾರದೋ ಮೊಣಕೈ ಪಕ್ಕೆಗೆ ಒತ್ತುತ್ತಿರುವಾಗ ಅದೇ ಮಾತು ಇನ್ನೊಂದು ದನಿಯಲ್ಲಿ ಕೇಳಿಸಿತು. ಸಣ್ಣ ದನಿ, ಸ್ವಲ್ಪ ಆತುರ, ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು. "ನಮ್ಮತ್ತೆಗೆ ಎಳ್ಳು ಆಗಲ್ಲ." ಮೂರು ವಾರದ ಹಿಂದೆ, ಆಫೀಸಿನ ಫೋನಿನಲ್ಲಿ. ಅದನ್ನು ತಾನು ಹಾಳೆಯ ಯಾವ ಅಂಕಣದಲ್ಲಿ ಬರೆದೆ ಎಂಬುದು ಅವಳಿಗೆ ಚೆನ್ನಾಗಿಯೇ ನೆನಪಿತ್ತು.

ಆಫೀಸಿನಲ್ಲಿ ಅವಳನ್ನು ಚೀಟಿಯಕ್ಕ ಎನ್ನುತ್ತಿದ್ದರು. ಹೊಸದಾಗಿ ಸೇರಿದವರು ಈಕೆ ಚೀಟಿ ಹಾಕಿಸುವವಳು ಎಂದುಕೊಂಡು ಮೊದಲ ವಾರವೇ ಗುಟ್ಟಾಗಿ ಬಂದು ವಿಚಾರಿಸುವುದಿತ್ತು. ಅವಳ ಚೀಟಿ ಬೇರೆ. ಪ್ರಪಂಚದ ಅತಿ ಶ್ರೀಮಂತರು ರಜೆಗೆ ಹೊರಟಾಗ, ಅವರು ಕಾಲಿಡುವ ಮುಂಚೆ ಅಲ್ಲಿನವರಿಗೆ ಅವರ ಬಗ್ಗೆ ಗೊತ್ತಿರಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸುವುದು ಅವಳ ಕೆಲಸ. ದಿಂಬು ಎಷ್ಟು ಎತ್ತರ, ನೀರು ಎಷ್ಟು ತಣ್ಣಗೆ, ಯಾವ ಹೂವು ಕಂಡರೆ ತಲೆನೋವು, ಯಾವ ಮಗನ ಹೆಸರು ಎತ್ತಬಾರದು. ಒಬ್ಬರಿಗೆ ಮರಳುಗಾಡಿನ ಡೇರೆಯಲ್ಲಿ ಹಿಮ ಬೇಕಾಗಿತ್ತು, ಹೋಯಿತು. ಒಬ್ಬರಿಗೆ ಗುಡ್ಡದ ತುದಿಯಲ್ಲಿ ಪಿಯಾನೊ ಬೇಕಾಗಿತ್ತು, ಹೆಲಿಕಾಪ್ಟರಿನಲ್ಲಿ ತೂಗಾಡುತ್ತ ಹೋಗಿ ಕೂತಿತು. ಅವರು ಅದನ್ನು ಮುಟ್ಟಲಿಲ್ಲವಂತೆ. ಇನ್ನೊಬ್ಬರು ಕಡಲಿನ ಸದ್ದು ಸ್ವಲ್ಪ ಕಡಿಮೆ ಮಾಡಿ ಎಂದಿದ್ದರು. ಅವರು ಎದ್ದು ತಿಂಡಿಗೆ ಹೋದಾಗ ಡೇರೆಯನ್ನೇ ನಲವತ್ತು ಹೆಜ್ಜೆ ಹಿಂದಕ್ಕೆ ಸರಿಸಿದ್ದಾಯಿತು, ಬಂದವರು ಕಿವಿಗೊಟ್ಟು, "ಈಗ ಸರಿ," ಎಂದರಂತೆ. ಈ ಜಾಗಗಳಲ್ಲಿ ಒಂದನ್ನೂ ಅವಳು ಕಂಡವಳಲ್ಲ. ಕಿಟಕಿಯಿಲ್ಲದ ನಾಲ್ಕನೆಯ ಮಹಡಿಯಲ್ಲಿ ಕೂತು, ತಲೆಯ ಮೇಲಿನ ಏಸಿ ಭುಜಕ್ಕೆ ಹೊಡೆಯದಂತೆ ಶಾಲು ಹೊದ್ದು ಅವಳು ಅವರ ಕಡಲನ್ನು ಬರೆಯುತ್ತಿದ್ದಳು.

ಆ ಮಹಡಿಯಲ್ಲಿ ಒಂದು ಪದ ನಿಷಿದ್ಧ. ಅದು 'ಆಗಲ್ಲ.' ಅತಿಥಿಗೆ ಹೇಳುವಂತಿಲ್ಲ, ಹಾಳೆಯಲ್ಲಿ ಬರೆಯುವಂತಿಲ್ಲ, ಕಾರಿಡಾರಿನಲ್ಲಿ ಸಹೋದ್ಯೋಗಿಗೆ ಹೇಳಿದರೂ ತಲೆಗಳು ತಿರುಗುತ್ತಿದ್ದವು. ಸೇರಿದ ಮೊದಲ ವಾರ ಅವಳು ಫೋನಿನಲ್ಲಿ ಯಾರಿಗೋ, "ಅಷ್ಟು ಬೇಗ ಆಗಲ್ಲ ಸರ್," ಎಂದುಬಿಟ್ಟಿದ್ದಳು. ಮಧ್ಯಾಹ್ನ ಮೇಡಂ ಎಲ್ಲರನ್ನೂ ಕರೆದು ಅವಳನ್ನು ನಡುವೆ ನಿಲ್ಲಿಸಿದರು. ಮೇಡಂಗೆ ದನಿಯೆತ್ತಿ ಗೊತ್ತಿಲ್ಲ. ಅವರ ಚಪ್ಪಲಿಗೂ ಸದ್ದಿಲ್ಲ, ಬೆನ್ನ ಹಿಂದೆ ಬಂದು ನಿಂತದ್ದು ಅತ್ತರಿನ ವಾಸನೆಯಿಂದಷ್ಟೇ ತಿಳಿಯಬೇಕು. "ಹೇಳಿ, 'ಇನ್ನೊಂದು ದಾರಿ ನೋಡ್ತೀವಿ.' ಹತ್ತು ಸಲ ಹೇಳಿ, ಬಾಯಿಗೆ ಅಭ್ಯಾಸ ಆಗ್ಲಿ." ಮೂವತ್ತು ದಾಟಿದ ಹೆಂಗಸು, ಮನೆಯಲ್ಲಿ ಮಗಳಿದ್ದವಳು, ಅವಳು ಹತ್ತು ಸಲ ಹೇಳಿದಳು. ಏಳನೆಯ ಸಲಕ್ಕೆ ಯಾರೋ ನಕ್ಕರು. ಅವತ್ತಿನಿಂದ ಆ ಪದ ಕಿವಿಗೆ ಬಿದ್ದರೆ ಸಾಕು, ಅವಳ ಕೈ ತಾನೇ ತಾನಾಗಿ ಅದನ್ನು ಮೆತ್ತಗೆ ಮಾಡಿ ಬರೆಯುತ್ತಿತ್ತು. ಹಾಳೆಯಲ್ಲಿ ಮೂರು ಅಂಕಣ: ಮೆಚ್ಚುವುದು, ಮೆಚ್ಚದ್ದು, ಎಚ್ಚರ. ಎಚ್ಚರದ ಅಂಕಣಕ್ಕೆ ಬರೆದರೆ ಹಾಳೆ ಕೆಂಪು ಕಾಗದದಲ್ಲಿ ಅಚ್ಚಾಗುತ್ತದೆ, ಮನೆಯ ಡಾಕ್ಟರಿಗೆ ಫೋನು ಮಾಡಬೇಕು, ಅವರಿಂದ ಪತ್ರ ತರಿಸಬೇಕು. ಆ ಸಣ್ಣ ದನಿ ಹೇಳಿದ್ದನ್ನು ಅವಳು ನಡುವಿನ ಅಂಕಣದಲ್ಲಿ ಬರೆದಿದ್ದಳು. 'ಹಿರಿಯರು ಎಳ್ಳನ್ನು ಅಷ್ಟಾಗಿ ಮೆಚ್ಚುವುದಿಲ್ಲ.'

ಯಾಕೆ ಹಾಗೆ ಬರೆದೆ ಎಂದು ಕೇಳಿಕೊಳ್ಳುವುದಕ್ಕೆ ಅವಳಿಗೆ ಭಯವಾಯಿತು, ಏಕೆಂದರೆ ಉತ್ತರ ಗೊತ್ತಿತ್ತು. ಫೋನಿನ ಆ ದನಿಯಲ್ಲಿ ಅವಳಿಗೆ ಕೇಳಿಸಿದ್ದು ಒಬ್ಬ ಸೊಸೆಯ ಬೇಸರ. ಅತ್ತೆಯ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಇಡೀ ದ್ವೀಪವನ್ನೇ ನಾಲ್ಕು ದಿನ ಬಾಡಿಗೆಗೆ ಹಿಡಿದ ಮನೆಯಲ್ಲೂ ಅತ್ತೆ ಅತ್ತೆಯೇ, ಅವರಿಗೆ ಅದು ಆಗಲ್ಲ, ಇದು ಆಗಲ್ಲ, ಆಮೇಲೆ ಸೊಸೆಯನ್ನು ಕಂಡರೂ ಆಗಲ್ಲ ಎಂದುಕೊಂಡು ಅವಳು ಫೋನು ಹಿಡಿದೇ ಮುಗುಳ್ನಕ್ಕಿದ್ದಳು. ಒಂದು ಥರದ ಗೆಳೆತನವೇ ಹುಟ್ಟಿತ್ತು ಆ ಕ್ಷಣ, ಹೆಸರು ಕೇಳಿದರೆ ಮಂತ್ರಿಗಳು ಎದ್ದು ನಿಲ್ಲುವ ಮನೆಯ ಸೊಸೆಗೂ ತನಗೂ. ಬಸ್ಸು ಸಿಗ್ನಲ್ಲಿಗೆ ನಿಂತಿತು. ಮನೆಯಲ್ಲಿ ಒಂದು ಸಲ ತನ್ನ ಅತ್ತೆ ಸೆರಗು ಸರಿಸಿ ತೋಳು ತೋರಿಸಿದ್ದರು, ಮೊಣಕೈವರೆಗೆ ಕೆಂಪು ದದ್ದು. ಅವಳು, "ಸೊಳ್ಳೆ ಇರ್ಬೇಕು," ಎಂದು ಪಾತ್ರೆ ತೊಳೆಯುವುದನ್ನು ಮುಂದುವರಿಸಿದ್ದಳು. ಸೊಳ್ಳೆಯೇ ಇರಬೇಕು. ಅವಳು ಇಳಿಯುವ ಸ್ಟಾಪು ದಾಟಿಹೋಗಿತ್ತು, ಹಿಂದಕ್ಕೆ ನಡೆದು ಬರುವಷ್ಟರಲ್ಲಿ ಬೆನ್ನೆಲ್ಲ ಒದ್ದೆ.

ಹತ್ತು ಗಂಟೆಗೆ ದ್ವೀಪದಿಂದ ದಿನದ ಊಟದ ಪಟ್ಟಿ ಬಂತು. ಇವತ್ತೇ ಹುಟ್ಟುಹಬ್ಬ, ಊಟ ಒಂದು ಗಂಟೆಗೆ, ನೀರಿನ ಮೇಲೆ ಹಾಕಿದ ಮರದ ಅಟ್ಟಣೆಯಲ್ಲಿ, ಹನ್ನೊಂದು ಜನ. ಅವಳು ಕಣ್ಣಾಡಿಸುತ್ತ ಬಂದಳು: ಹಣ್ಣು, ಸೂಪು, ಮೀನು. ಎಳ್ಳು ಎಂಬ ಪದ ಎಲ್ಲೂ ಇರಲಿಲ್ಲ, ಉಸಿರು ಬಿಟ್ಟಳು. ಆಮೇಲೆ ಕೆಳಗೆ ಶೆಫ್ ಕೈಯಾರೆ ಬರೆದ ಟಿಪ್ಪಣಿ ಕಂಡಿತು. 'ಹಿರಿಯರು ಎಳ್ಳನ್ನು ಅಷ್ಟಾಗಿ ಮೆಚ್ಚುವುದಿಲ್ಲವೆಂದು ಚೀಟಿಯಿಂದ ತಿಳಿಯಿತು. ಇವತ್ತು ಮೆಚ್ಚುತ್ತಾರೆ. ಕಣ್ಣಿಗೆ ಬೀಳದ ಹಾಗೆ ನುಣ್ಣಗೆ ಅರೆದು ಮೀನಿನ ಸಾಸಿಗೆ ಸೇರಿಸುತ್ತಿದ್ದೇನೆ. ತಿಂದು ಹೊಗಳಿದ ಮೇಲೆ ಗುಟ್ಟು ಹೇಳೋಣ.' ಕೊನೆಯಲ್ಲಿ ಒಂದು ನಗುಮುಖ ಬೇರೆ ಬರೆದಿದ್ದ. ಮೆಚ್ಚದ್ದನ್ನು ಮೆಚ್ಚಿಸುವುದು ಕಂಪನಿಯ ಹೆಮ್ಮೆ. ಹೋದ ವರ್ಷ ಇದೇ ಶೆಫ್ ಅಣಬೆ ಮುಟ್ಟದವರೊಬ್ಬರಿಗೆ ಅಣಬೆ ತಿನ್ನಿಸಿ ಬಹುಮಾನ ತಗೊಂಡಿದ್ದ. ಅವಳು ಟಿಪ್ಪಣಿಯನ್ನು ಮೂರು ಸಲ ಓದಿದಳು. ಶಾಲು ಎಳೆದುಕೊಂಡಳು.

ಫೋನೆತ್ತಿ ಹೇಳಿಬಿಡಬಹುದಿತ್ತು. ಅರ್ಧ ನಿಮಿಷದ ಕೆಲಸ. ಆದರೆ ಏನೆಂದು ಹೇಳುವುದು? ನಾನು ತಪ್ಪು ಅಂಕಣದಲ್ಲಿ ಬರೆದೆ ಎಂದರೆ ಸಂಜೆಯೊಳಗೆ ಕೆಲಸ ಹೋಗುತ್ತದೆ. ಹೂವಿನವನನ್ನು ಕಳಿಸಿದ್ದು ಅವಳ ಕಣ್ಣೆದುರಿಗೇ. ಯಾರದೋ ಕೋಣೆಯಲ್ಲಿ ಒಂದು ಬಿಳಿ ಹೂವು ಹೆಚ್ಚಿಗೆ ಇಟ್ಟಿದ್ದಕ್ಕೆ, ಮೇಡಂ ಅವನ ಹೆಗಲ ಮೇಲೆ ಕೈಯಿಟ್ಟು ಲಿಫ್ಟಿನವರೆಗೂ ಮಾತಾಡಿಕೊಂಡು ಹೋಗಿದ್ದರು, ವಾಪಸು ಬಂದದ್ದು ಮೇಡಂ ಒಬ್ಬರೇ. ಅದೂ ಅಲ್ಲದೆ, ನಿಜಕ್ಕೂ ತಪ್ಪೇ ಎಂದು ಯಾರು ಹೇಳಿದರು? ಆಗಲ್ಲ ಎಂದರೆ ಇಷ್ಟವಿಲ್ಲ ಎಂದೂ ಆಗುತ್ತದಲ್ಲ. ತನಗೇ ಪಕ್ಕದ ಮನೆಯವರನ್ನು ಕಂಡರೆ ಆಗಲ್ಲ, ಹಾಗಂತ ಕಂಡ ಕೂಡಲೇ ಉಸಿರು ನಿಲ್ಲುತ್ತದೆಯೇ? ಆ ಸೊಸೆಯನ್ನೇ ಕೇಳೋಣವೆಂದರೆ ಎರಡನೆಯ ನಿಯಮ ಅಡ್ಡ: ಒಮ್ಮೆ ಹೇಳಿದ್ದನ್ನು ಅತಿಥಿ ಮತ್ತೆ ಹೇಳುವಂತಾಗಬಾರದು. ಕೇಳಿದರೆ ಕೇಳಿದ್ದೇ ತಪ್ಪೊಪ್ಪಿಗೆ. ಎಳ್ಳಷ್ಟು ತಪ್ಪು ಎಂದು ಸಮಾಧಾನ ಮಾಡಿಕೊಳ್ಳಲು ಹೋದಳು, ಆ ಮಾತೂ ನಾಲಿಗೆಯ ಮೇಲೆ ಹೊರಳದೆ ನಿಂತಿತು.

ಮಾತೆಲ್ಲ ರೆಕಾರ್ಡಾಗುತ್ತದೆ ಎಂದು ನೆನಪಾದದ್ದು ಹನ್ನೊಂದರ ಮೇಲೆ. ಮೂಲೆಯ ಕೋಣೆಯಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವವನು ಬಿಸ್ಕತ್ತು ತಿನ್ನುತ್ತ ಕೂತಿದ್ದ.

"ಏನಕ್ಕಾ, ನಿಮ್ಮ ದನಿ ನೀವೇ ಕೇಳ್ಬೇಕು ಅನ್ನಿಸ್ತಾ?"

"ಒಂದು ಸಣ್ಣ ಅನುಮಾನ ಕಣೋ. ಹುಟ್ಟುಹಬ್ಬದವರದ್ದು."

ಅವನು ಹುಡುಕಿ ಕೊಟ್ಟ. ಅವಳು ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ನಾಯಿ ಬೊಗಳಿತು. ಸೊಸೆ ಹೇಳುತ್ತಿದ್ದಳು, ದೀಪ ಯಾವ ಬಣ್ಣ, ಹಾಡುವವರು ಎಷ್ಟು ಜನ, ಆಮೇಲೆ, "ಹಾಂ, ಇನ್ನೊಂದು. ನಮ್ಮತ್ತೆಗೆ ಎಳ್ಳು ಆಗಲ್ಲ. ಹೋದ ಸಲ..." ಅಲ್ಲಿಗೆ ಅವಳದೇ ದನಿ ಮೇಲೆ ಬಿತ್ತು, ನಯವಾದ, ನಗು ಬೆರೆತ ದನಿ: "ಖಂಡಿತ ಮೇಡಂ, ಖಂಡಿತ, ನಾವು ನೋಡ್ಕೋತೀವಿ." ಸೊಸೆ, "ಸರಿ ಹಾಗಾದ್ರೆ," ಎಂದಳು. ಅವಳು ರೆಕಾರ್ಡಿಂಗನ್ನು ಹಿಂದಕ್ಕೆ ತಳ್ಳಿ ಮತ್ತೆ ಕೇಳಿದಳು. ಹೋದ ಸಲ. ಖಂಡಿತ ಮೇಡಂ. ಮತ್ತೊಮ್ಮೆ. ಹೋದ ಸಲ ಏನಾಗಿತ್ತು? ಆ ಎರಡು ಪದಗಳ ಆಚೆಗೆ ಒಂದು ಆಸ್ಪತ್ರೆ ಇತ್ತೋ, ಆಂಬುಲೆನ್ಸ್ ಇತ್ತೋ, ಅಥವಾ ಬರೀ ಮುಖ ಸಿಂಡರಿಸಿ ತಟ್ಟೆ ದೂಡಿದ್ದೋ, ಅದನ್ನು ತಾನೇ ಕೈಯಾರೆ ಮುಚ್ಚಿಹಾಕಿದ್ದಳು. ಬಿಸ್ಕತ್ತಿನವನು ಅವಳ ಮುಖ ನೋಡಿ, "ಹುಷಾರಿಲ್ವಾ ಅಕ್ಕ?" ಎಂದ. "ಏಸಿ ಜಾಸ್ತಿ," ಎಂದು ಎದ್ದಳು.

ವಾಪಸು ಬಂದು ಅವಳು ಮಾಡಿದ್ದು ನಾಚಿಕೆಗೇಡಿನ ಕೆಲಸ. ಹಾಳೆ ತೆರೆದು, ನಡುವಿನ ಅಂಕಣದಿಂದ ಆ ಸಾಲನ್ನು ಅಳಿಸಿ, ಎಚ್ಚರದ ಅಂಕಣದಲ್ಲಿ 'ಎಳ್ಳು ಆಗಲ್ಲ' ಎಂದು ಬರೆದಳು. ಏನಾದರೂ ಆದರೆ ಚೀಟಿಯಲ್ಲಿ ಸರಿಯಾಗಿಯೇ ಇತ್ತು, ಅಡುಗೆಮನೆಯವರು ನೋಡಲಿಲ್ಲ. ಹೀಗೆ ಯೋಚಿಸುವ ಹೆಂಗಸು ತನ್ನೊಳಗೆ ಇಷ್ಟು ದಿನ ಎಲ್ಲಿ ಕೂತಿದ್ದಳು ಎಂದು ಅವಳಿಗೆ ಹೇಸಿಗೆಯಾಯಿತು, ಆದರೂ ಸೇವ್ ಒತ್ತಿದಳು. ಸಾಲಿನ ಕೆಳಗೆ ತಾನಾಗಿ ಬೂದು ಅಕ್ಷರ ಮೂಡಿತು: ತಿದ್ದಿದವರ ಕ್ರಮಸಂಖ್ಯೆ, ಸಮಯ 12.04. ಅದನ್ನು ಅಳಿಸಲು ಹೋದರೆ ಇನ್ನೊಂದು ಸಾಲು, 12.05. ಗಾಬರಿಯಲ್ಲಿ ಮೊದಲಿನ ಹಾಗೇ ಮಾಡಲು ಹೋದರೆ ಮೂರನೆಯದು, ಮತ್ತೆ ತಿದ್ದಿದರೆ ಇನ್ನೆರಡು. ಸಾಕೆಂದು ಕೈಬಿಟ್ಟಾಗ ಪರದೆಯ ಮೇಲೆ ಉಳಿದದ್ದು 'ಎಳ್ಳು ಆಗಲ್ಲ', ಅದರ ಕೆಳಗೆ ಅವಳ ಸಂಖ್ಯೆಯ ಐದು ಸಾಲು. ಅಷ್ಟರಲ್ಲಿ ಅತ್ತರಿನ ವಾಸನೆ ಬಂದು ಬೆನ್ನು ನೆಟ್ಟಗಾಯಿತು. ಮೇಡಂ ಹಾದುಹೋದರು, "ಹುಟ್ಟುಹಬ್ಬ ಚೆನ್ನಾಗಿ ನಡೀತಿದೆಯಂತೆ," ಎಂದು ಗಾಳಿಗೆ ಹೇಳಿದಂತೆ ಹೇಳಿ. ಅವಳು, "ಖಂಡಿತ ಮೇಡಂ," ಎಂದಳು.

ಹನ್ನೆರಡೂವರೆಗೆ ದ್ವೀಪಕ್ಕೆ ಫೋನು ಮಾಡಿದಳು. ಶೆಫ್ ಎತ್ತಲಿಲ್ಲ, ಬಡಿಸುವ ಹೊತ್ತಿಗೆ ಅಡುಗೆಮನೆಯವರ ಫೋನೆಲ್ಲ ಒಂದು ಬುಟ್ಟಿಯಲ್ಲಿ ಬಿದ್ದಿರುತ್ತವೆ. ಮ್ಯಾನೇಜರ್ ಎತ್ತಿದ. ಹಿಂದೆ ಅಲೆಯ ಸದ್ದು, ಯಾರೋ ಪಿಟೀಲು ಶ್ರುತಿ ಮಾಡುತ್ತಿದ್ದರು.

"ಹೇಳಿ ಅಕ್ಕ. ಇಲ್ಲಿ ಉಸಿರಾಡೋಕೂ ಪುರುಸೊತ್ತಿಲ್ಲ."

"ಅದೇನಿಲ್ಲ... ಆ ಮೀನಿನ ಸಾಸು. ಹಿರಿಯರಿಗೆ ಎಳ್ಳಿಲ್ಲದೆ ಇದ್ರೆ ಇನ್ನೂ ಚೆನ್ನಾಗಿರ್ತಿತ್ತೇನೋ ಅಂತ."

"ಅಯ್ಯೋ, ಶೆಫ್ ಬೆಳಿಗ್ಗೆಯಿಂದ ಅದರ ಹಿಂದೇನೇ ಬಿದ್ದಿದ್ದಾರೆ. ಈಗ ಹೇಳಿದ್ರೆ ಸೌಟು ಬಿಸಾಕ್ತಾರೆ. ಯಾರಾದ್ರೂ ಹೇಳಿದ್ರಾ?"

"ಇಲ್ಲ, ಇಲ್ಲ. ಸುಮ್ನೆ... ಬೇರೆ ದಾರಿ ಇದ್ರೆ ನೋಡಿ."

"ನೋಡೋಣ ಅಕ್ಕ," ಎಂದು ಅವನು ಇಟ್ಟುಬಿಟ್ಟ.

ಅವಳು ಫೋನನ್ನು ನೋಡುತ್ತ ಕೂತಳು. ನೋಡೋಣ ಎಂದರೆ ಇಲ್ಲವೆಂದೇ ಅರ್ಥ, ಆ ಮಹಡಿಯಲ್ಲಿ ಅದು ಎಲ್ಲರಿಗೂ ಗೊತ್ತು. ಹೇಳಬೇಕಾದ ಒಂದೇ ಒಂದು ಪದ ಅವಳ ಬಾಯಿಂದ ಬಂದಿರಲಿಲ್ಲ. ಅವಳು ಎಷ್ಟು ಪ್ರಯತ್ನ ಪಟ್ಟರೂ ಆ ವೃದ್ಧೆಯ ಮುಖ ಕಣ್ಣ ಮುಂದೆ ಬರಲಿಲ್ಲ, ಬಂದದ್ದು ಸೆರಗು ಸರಿಸಿದ ಒಂದು ತೋಳು. ನುಣ್ಣಗೆ ಅರೆದದ್ದು. ಕಣ್ಣಿಗೆ ಬೀಳದ ಹಾಗೆ. ಸೊಸೆ ಪಕ್ಕದಲ್ಲೇ ಕೂತಿದ್ದರೂ ಗೊತ್ತಾಗುವುದಿಲ್ಲ. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಎಂಟು ನಿಮಿಷ ಇತ್ತು. ಸುತ್ತ ಎಲ್ಲರೂ ತಗ್ಗಿದ ದನಿಯಲ್ಲಿ ಖಂಡಿತ, ಖಂಡಿತ ಎನ್ನುತ್ತಿದ್ದರು. ಅವಳು ಮತ್ತೆ ಡಯಲ್ ಮಾಡಿದಳು. ಒಂದು ರಿಂಗು, ಎರಡು, ಏಳು, ಕಡಿಯಿತು. ಮತ್ತೆ ಮಾಡಿದಳು. ಈ ಸಲ ಎತ್ತಿದಾಗ ಅವನ ದನಿಯಲ್ಲಿ ಸಿಟ್ಟಿತ್ತು.

"ಬಡಿಸ್ತಾ ಇದ್ದಾರೆ ಅಕ್ಕ, ಆಮೇಲೆ..."

"ಆ ಅಮ್ಮನಿಗೆ ಎಳ್ಳು ಆಗಲ್ಲ."

"ಏನು?"

"ಆಗಲ್ಲ ಕಣೋ. ಮೈಗೆ ಆಗಲ್ಲ. ತಿಂದ್ರೆ ಪ್ರಾಣಕ್ಕೇ ಕುತ್ತು ಬರಬಹುದು. ನಾನು ತಪ್ಪು ಬರ್ದೆ. ಓಡು, ತಟ್ಟೆ ಕಿತ್ಕೋ. ಆಗಲ್ಲ, ಆಗಲ್ಲ."

ಅವಳಿಗೆ ತಾನು ಎದ್ದು ನಿಂತದ್ದೂ ಗೊತ್ತಿರಲಿಲ್ಲ. ಮಹಡಿಯಲ್ಲಿ ಒಂದೊಂದಾಗಿ ಎಲ್ಲ ದನಿಗಳೂ ನಿಂತವು. ಫೋನಿನಲ್ಲಿ ಅವನ ಬೂಟುಗಳು ಮರದ ಹಲಗೆಯ ಮೇಲೆ ಓಡುವುದು ಕೇಳಿಸುತ್ತಿತ್ತು, ಫೋನು ಅವನ ಕೈಯಲ್ಲೇ ಇತ್ತು. ಪಿಟೀಲು ಹತ್ತಿರವಾಯಿತು, ಚಮಚಗಳ ಸದ್ದು, ಯಾರದೋ ನಗು. ಆಮೇಲೆ "ಅಮ್ಮಾ, ಬೇಡಿ," ಎಂದು ಅವನು ಕೂಗಿದ್ದು, ಪಿಂಗಾಣಿ ಒಡೆದದ್ದು. ಪಿಟೀಲು ನಿಂತಿತು. ಒಂದು ಹೆಣ್ಣುದನಿ ಮೇಲಕ್ಕೇರಿ ಕಿರುಚಿತು, ಅದೇ ಸಣ್ಣ ದನಿ. ಮುಂದಿನದು ಎಷ್ಟು ಹೊತ್ತೋ ಅವಳಿಗೆ ತಿಳಿಯದು. ಅಲೆ, ಓಡಾಟ, ಯಾರೋ ಡಾಕ್ಟರನ್ನು ಕರೆಯುವುದು, ಮತ್ತೆ ಅಲೆ. ಕಡಲಿನ ಸದ್ದು ಕಡಿಮೆ ಮಾಡಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಕೊನೆಗೆ ಅವನು ಮಾತಾಡಿದ. "ಒಂದು ಚಮಚ ಬಾಯಿಗೆ ಹೋಗಿತ್ತು ಅಕ್ಕ. ಉಗುಳಿಸಿದ್ವಿ. ತುಟಿ, ನಾಲಿಗೆ ಊದಿದೆ. ಡಾಕ್ಟ್ರು ಇಂಜೆಕ್ಷನ್ ಕೊಟ್ಟಿದ್ದಾರೆ."

"ಉಸಿರು?"

"ಆಡ್ತಿದ್ದಾರೆ. ಈಗ ಪರವಾಗಿಲ್ಲ ಅಂತಾರೆ. ಆ ಸೊಸೇನ ನೋಡೋಕಾಗ್ತಿಲ್ಲ ಅಕ್ಕ. ನಾನು ಹೇಳಿದ್ದೆ, ಫೋನಲ್ಲಿ ಹೇಳಿದ್ದೆ ಅಂತ ಅತ್ತೆ ಕಾಲು ಹಿಡ್ಕೊಂಡು ಆಣೆ ಮಾಡ್ತಿದ್ದಾರೆ. ಅವರು ಈಕೆ ಕಡೆ ತಿರುಗಿಯೂ ನೋಡ್ತಿಲ್ಲ."

ಫೋನು ಇಟ್ಟಾಗ ಅತ್ತರಿನ ವಾಸನೆ ಬಹಳ ಹೊತ್ತಿನಿಂದ ಅಲ್ಲೇ ಇದ್ದಂತಿತ್ತು. "ಆ ಪದ ಇಡೀ ಮಹಡಿಗೆ ಕೇಳಿಸ್ತು," ಎಂದರು ಮೇಡಂ ಮೆತ್ತಗೆ. ಪರದೆಯ ಕಡೆ ಬಗ್ಗಿ, "ಚೀಟಿಯಲ್ಲಿ ಸರಿಯಾಗೇ ಇದೆಯಲ್ಲ," ಎಂದರು. ಅವಳಿಗೊಂದು ಬಾಗಿಲು ತೆರೆದು ಹಿಡಿದಿದ್ದರೋ, ಅಥವಾ ಬೂದು ಸಾಲುಗಳನ್ನು ಆಗಲೇ ಓದಿದ್ದರೋ. "ಇವತ್ತು ಹನ್ನೆರಡು ಗಂಟೆವರೆಗೂ ಇರ್ಲಿಲ್ಲ ಮೇಡಂ," ಎಂದಳು ಅವಳು. "ಆಮೇಲೆ ತಿದ್ದಿದ್ದು ನಾನೇ." ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟರು. ಕೈ ಬೆಚ್ಚಗಿತ್ತು. "ಮೊದಲು ಊಟ ಮಾಡಿ. ಆಮೇಲೆ ಲಿಫ್ಟಿನವರೆಗೂ ಹೋಗಿ ಬರೋಣ." ಎಲ್ಲರ ಕಣ್ಣುಗಳೂ ತಂತಮ್ಮ ಪರದೆಗಳಿಗೆ ಅಂಟಿಕೊಂಡಿದ್ದವು, ಹೂವಿನವನು ಹೊರಟ ದಿನ ಅವಳ ಕಣ್ಣು ಅಂಟಿಕೊಂಡಿದ್ದಂತೆ. ವಿಚಿತ್ರವೆಂದರೆ ಅವಳಿಗೆ ಹಗುರವೆನ್ನಿಸಿತು. ಬೆಳಿಗ್ಗೆಯಿಂದ ಹೆದರಿದ್ದೆಲ್ಲ ಆಗಿಹೋಗಿತ್ತು, ಒಂದು ಜೀವ ಉಳಿದಿತ್ತು, ಇನ್ನೇನು ಬೇಕು. ಹೇಳಿದ್ದನ್ನು ಕೇಳುವ ಅಭ್ಯಾಸದಲ್ಲೇ ಚೀಲದಿಂದ ಊಟದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದಳು.

ಬದನೆಕಾಯಿ. ಎಣ್ಣೆಯಲ್ಲಿ ಮಿರುಗುವ ಉದ್ದನೆಯ ಹೋಳುಗಳು. ಒಂದು ಇಪ್ಪತ್ತೈದು. ಅತ್ತೆ ಊಟಕ್ಕೆ ಕೂರುವುದು ಒಂದೂವರೆಗೆ, ರೇಡಿಯೋದ ವಾರ್ತೆ ಮುಗಿದ ಮೇಲೆ, ಒಬ್ಬರೇ. ಅವಳ ಗಂಡ ಹಗಲು ಪಾಳಿ ಮುಗಿಸಿ ಬರುವುದು ಆರಕ್ಕೆ, ಮಗಳು ಐದಕ್ಕೆ. ಅವಳು ಡಬ್ಬಿ ಹಾಗೇ ಬಿಟ್ಟು ಮನೆಗೆ ಫೋನು ಮಾಡಿದಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. ನಡುಮನೆಯ ಗೂಡಿನಲ್ಲಿ, ಕ್ಯಾಲೆಂಡರಿನ ಕೆಳಗೆ ಹೊಡೆದುಕೊಳ್ಳುತ್ತಿರುವ ಆ ಫೋನು, ಅಡುಗೆಮನೆಯ ಹೊಸಿಲು, ಬಚ್ಚಲಿನ ಅರ್ಧ ತೆರೆದ ಬಾಗಿಲು ಎಲ್ಲ ಅವಳಿಗೆ ಕಂಡವು, ಅತ್ತೆ ಮಾತ್ರ ಎಲ್ಲೂ ಕಾಣಲಿಲ್ಲ. ದ್ವೀಪಕ್ಕಾಗಿ ಹೆದರಿದ್ದು ಏನೂ ಅಲ್ಲ ಎನ್ನಿಸಿತು. ಹನ್ನೆರಡನೆಯ ರಿಂಗಿಗೆ ಎತ್ತಿದರು.

"ಯಾರು?"

"ನಾನು ಅತ್ತೆ. ಊಟ ಆಯ್ತಾ?"

"ಈಗ ಬಡಿಸ್ಕೊಂಡೆ. ಯಾಕೆ, ಏನಾಯ್ತು? ಈ ಹೊತ್ತಲ್ಲಿ ಫೋನ್ ಮಾಡೋಳಲ್ಲ ನೀನು."

"ಬದನೆಕಾಯಿ ತಿಂದ್ರಾ?"

"ತಿಂತೀನಿ ಬಿಡು. ಚೆಲ್ಲಲ್ಲ."

"ತಿನ್ಬೇಡಿ. ಅದನ್ನ ಅಲ್ಲೇ ಬಿಟ್ಬಿಡಿ, ಅನ್ನಕ್ಕೆ ಮೊಸರು ಹಾಕ್ಕೊಳ್ಳಿ." ಅವಳು ಉಸಿರು ತೆಗೆದುಕೊಂಡಳು. "ಆಗಲ್ಲ ಅಂತೀರಲ್ಲ ಅತ್ತೆ. ತಿಂದ್ರೆ ಏನಾಗುತ್ತೆ ನಿಮಗೆ?"

ಹದಿನೆಂಟು ವರ್ಷಗಳಲ್ಲಿ ಇದನ್ನು ಕೇಳಿದ್ದು ಇದೇ ಮೊದಲು. ಅದು ಇಬ್ಬರಿಗೂ ಗೊತ್ತಾಯಿತು. ಹಿಂದೆ ರೇಡಿಯೋ ಏನೋ ಹೇಳುತ್ತಿತ್ತು, ಅತ್ತೆ ಹೋಗಿ ಅದನ್ನು ಆರಿಸಿ ಬಂದರು.

"ಹೋದ ಸಲ..." ಎಂದು ಶುರು ಮಾಡಿ ನಿಲ್ಲಿಸಿದರು.

ಅವಳು ನಾಲಿಗೆಯನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿದು ಕಾದಳು.

"ಹೋದ ಸಲ ಗಂಟಲು ಕಟ್ಕೊಂಡ್ಬಿಡ್ತು. ಬಚ್ಚಲಲ್ಲಿ ಗೋಡೆಗೆ ಒರಗಿ ಕೂತಿದ್ದೆ, ಎಷ್ಟು ಹೊತ್ತೋ. ಮುಗೀತು ಅಂದ್ಕೊಂಡೆ. ಆಮೇಲೆ ತಾನೇ ಬಿಡ್ತು."

"ಹೇಳ್ಬಾರ್ದಿತ್ತಾ ಅತ್ತೆ ಸಂಜೆ?"

"ಏನಂತ ಹೇಳ್ಲಿ," ಎಂದರು ಅತ್ತೆ. ದನಿಯಲ್ಲಿ ದೂರು ಇರಲಿಲ್ಲ, ಹಾಲಿನವನು ಬರಲಿಲ್ಲ ಎನ್ನುವಾಗಿನ ದನಿಯೇ. "ನೀನು ಗೊತ್ತಿದ್ದೇ ಮಾಡ್ತೀಯ ಅಂದ್ಕೊಂಡಿದ್ದೆ."

ಇಲ್ಲ ಎಂದು ಆ ಕ್ಷಣವೇ ಹೇಳಬೇಕಿತ್ತು. ಅವಳು ಬಾಯಿ ತೆರೆದಳು. ಸೊಳ್ಳೆ ಇರ್ಬೇಕು ಎಂದ ದಿನ ತನ್ನ ಕೈ ಪಾತ್ರೆಯ ಮೇಲೆ ಒಂದು ಗಳಿಗೆ ನಿಂತಿತ್ತಲ್ಲವೇ, ಆಮೇಲೆ ತಾನೇ ಮತ್ತೆ ಉಜ್ಜತೊಡಗಿದ್ದು? ಸಂತೆಯಲ್ಲಿ ಬೇರೆ ತರಕಾರಿಗಳ ಮುಂದೆ ನಿಂತು ನಿಂತು ಕೊನೆಗೆ ಬದನೆಕಾಯನ್ನೇ ಚೀಲಕ್ಕೆ ಹಾಕಿಕೊಂಡ ದಿನಗಳಿರಲಿಲ್ಲವೇ? ಅವಳು ಒಂದೊಂದೇ ದಿನವನ್ನು ಹಿಡಿದು ನೋಡಿದಳು, ಯಾವುದರ ಮೇಲೂ ಕೈಯಿಟ್ಟು ಆಣೆ ಮಾಡಲು ಧೈರ್ಯ ಬರಲಿಲ್ಲ. ಲಿಫ್ಟಿನ ಹತ್ತಿರ ಮೇಡಂ ನಿಂತಿದ್ದರು, ಇವಳ ಕಡೆಗೇ ನೋಡುತ್ತ. ಲೈನಿನ ಆ ಕಡೆ ಅತ್ತೆ ಕಾಯುತ್ತಿದ್ದರು, ಅವರ ಉಸಿರು ಕೇಳಿಸುತ್ತಿತ್ತು.